ಒರೆಸಿ ತಂದ ಎಂಜಿನ್

"ಗುರುಗಳೇ, ಒಬ್ಬ ಸಾಧಕನಿಗೆ ಕೋಪದ ದೋಷವಿದೆ ಎಂದಿಟ್ಟುಕೊಳ್ಳಿ. ಕೋಪ ಬಂದ ಪ್ರತಿ ಸಲವೂ ಅವನು ಪಶ್ಚಾತ್ತಾಪ ಪಡುತ್ತಾನೆ. ಅಂದೇ ಕ್ಷಮೆ ಕೇಳುತ್ತಾನೆ. ಒಂದು ಹೊತ್ತು ಉಪವಾಸ ಮಾಡುತ್ತಾನೆ. ಮನಸ್ಸು ತಿಳಿಯಾಗುತ್ತದೆ. ಹದಿನೈದು ದಿನ ಕಳೆಯುವುದರೊಳಗೆ ಅದೇ ಕೋಪ ಮರಳಿ ಬರುತ್ತದೆ. ಏಕೆ?"

ಕೇಳಿದವನು ಮರುಳಯ್ಯ. ಆರು ವರ್ಷದಿಂದ ಆಶ್ರಮದಲ್ಲಿದ್ದ ಶಿಷ್ಯ. ಅಡುಗೆಮನೆಯ ಹೊಣೆ ಅವನದು. ಮಧ್ಯಾಹ್ನದ ಪಂಕ್ತಿ ಮುಗಿದಿತ್ತು. ಎಲ್ಲರಿಗೂ ಬಡಿಸಿ ಬಂದಿದ್ದ ಅವನು ತಾನು ಉಂಡಿರಲಿಲ್ಲ.

"ಆ ಸಾಧಕ ಈಗ ಏನು ಮಾಡಬೇಕೆಂದಿದ್ದಾನೆ?" ಎಂದು ಗುರುಗಳು ಕೇಳಿದರು.

"ದಣಿದಿದ್ದಾನೆ. ಇದು ತನ್ನಿಂದ ಆಗದ ಕೆಲಸ ಎಂದುಕೊಂಡಿದ್ದಾನೆ. ಅಪ್ಪಣೆಯಾದರೆ ಗಂಟು ಕಟ್ಟಿ ಊರಿಗೆ ಹೋಗುತ್ತಾನೆ."

ಗುರುಗಳು ಎದುರಿನ ಚಾಪೆಯನ್ನು ತೋರಿಸಿದರು. ಶಿಷ್ಯ ಕೂತ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೇಸ್ತ್ರಿ ಇದ್ದ. ಹಳೆಯ ಕಾರುಗಳನ್ನು ರಿಪೇರಿ ಮಾಡುತ್ತಿದ್ದ. ಹೊಸ ಕಾರುಗಳನ್ನು ಅವನು ಮುಟ್ಟುತ್ತಿರಲಿಲ್ಲ. ಅವು ಅವನನ್ನು ಕೇಳಿಕೊಂಡು ಬರುತ್ತಲೂ ಇರಲಿಲ್ಲ. ನಲವತ್ತು ವರ್ಷ ಗಾಡಿಗಳ ಕೆಳಗೆ ಮಲಗಿ ಎದ್ದವನು. ಬಲ ಭುಜ ಈಗ ಕಿವಿಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗಲೇ ಯಾವಾಗ ಮುಚ್ಚುತ್ತೇನೋ ಅನ್ನಿಸುವ ದಿನಗಳು ಹೆಚ್ಚಾಗಿದ್ದವು.

ಅವನ ಬಳಿಗೆ ಒಂದು ಕಾರು ಬರುತ್ತಿತ್ತು. ಐವತ್ತು ವರ್ಷ ಹಳೆಯದು. ಊರಿನ ವೈದ್ಯೆಯದು. ಅವರ ತಂದೆ ಕೊಂಡದ್ದು. ಸುತ್ತಲಿನ ಹಳ್ಳಿಗಳಿಗೆ ಹೆರಿಗೆ ಮಾಡಿಸಲು, ಜ್ವರ ನೋಡಲು ಅವರು ಅದರಲ್ಲೇ ಹೋಗುತ್ತಿದ್ದರು. ಓಡಿಸಲು ಒಬ್ಬ ಚಾಲಕನಿದ್ದ. ಮೂವತ್ತು ವರ್ಷದಿಂದ ಅವನು ಓಡಿಸಿದ್ದು ಆ ಒಂದೇ ಕಾರನ್ನು. ಅದರ ಗೇರಿನ ಕೋಲು ಸ್ಟೀರಿಂಗಿಗೆ ಅಂಟಿಕೊಂಡಂತೆ ಇತ್ತು. ಬೇರೆ ಕಾರಿನಲ್ಲಿ ಕೂತರೆ ಅವನ ಎಡಗೈ ಗಾಳಿಯಲ್ಲಿ ತಡಕಾಡುತ್ತಿತ್ತು. ಆ ಕಾರು ಇರುವವರೆಗೆ ಅವನು ಚಾಲಕ. ಅದು ಹೋದ ದಿನ ಅವನು ಏನೂ ಅಲ್ಲ. ಇದು ಅವನಿಗೂ ಗೊತ್ತಿತ್ತು, ಮೇಸ್ತ್ರಿಗೂ ಗೊತ್ತಿತ್ತು.

ಕಾರಿಗೆ ಒಂದು ಕಾಯಿಲೆ ಹಿಡಿಯಿತು. ಎಂಜಿನ್ ಎಣ್ಣೆ ಸೋರತೊಡಗಿತು. ನಿಲ್ಲಿಸಿದಲ್ಲೆಲ್ಲ ಅಂಗೈಯಗಲ ಕಪ್ಪು ಕಲೆ. ಮೇಸ್ತ್ರಿ ಕೆಳಗೆ ಮಲಗಿ ನೋಡಿದ. ಎಂಜಿನ್ನಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ಹನಿ ತೂಗುತ್ತಿತ್ತು.

ಎಣ್ಣೆ ಸೋರುವುದಕ್ಕೆ ಒಂದು ನಿಯಮವಿದೆ. ಎಣ್ಣೆ ಕೆಳಗಿಳಿಯುತ್ತದೆ. ಹನಿ ಬೀಳುವ ಜಾಗ ಏನನ್ನೂ ಹೇಳುವುದಿಲ್ಲ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದೋ ಅಲ್ಲಿಂದ ಹುಡುಕಬೇಕು. ಮೇಸ್ತ್ರಿ ಈ ನಿಯಮವನ್ನು ಎಷ್ಟೋ ಜನರಿಗೆ ಕಲಿಸಿದ್ದ. ಆದ್ದರಿಂದ ಅವನು ಎದ್ದು ಬಂದು ಬಾನೆಟ್ ಎತ್ತಿದ.

ಎಂಜಿನ್ನಿನ ನೆತ್ತಿಯ ಮೇಲೆ ತಗಡಿನ ಒಂದು ಮುಚ್ಚಳವಿರುತ್ತದೆ. ಟ್ಯಾಪೆಟ್ ಕವರ್ ಎನ್ನುತ್ತಾರೆ. ಅದರ ಕೆಳಗೆ ವಾಲ್ವುಗಳು ಎಣ್ಣೆಯಲ್ಲಿ ನೆನೆಯುತ್ತ ಕುಣಿಯುತ್ತವೆ. ಮುಚ್ಚಳಕ್ಕೂ ಎಂಜಿನ್ನಿಗೂ ನಡುವೆ ಎಣ್ಣೆ ಹೊರಬರದಂತೆ ತಡೆಯುವ ಬೆಂಡಿನ ಒಂದು ಪ್ಯಾಕಿಂಗ್. ಮುಚ್ಚಳದ ನಡುವೆ ಅದನ್ನು ಬಿಗಿಹಿಡಿಯುವ ಎರಡು ನಟ್ಟು. ಹಳೆಯ ಕಾರುಗಳಲ್ಲಿ ಎಣ್ಣೆ ಮೊದಲು ಹೊರಬರುವುದು ಇಲ್ಲಿಂದಲೇ. ಮೇಸ್ತ್ರಿ ಮುಚ್ಚಳದ ಸುತ್ತ ಬೆರಳಾಡಿಸಿದ. ಒಣಗಿತ್ತು. ಮುಂದೆ ನೋಡಿದ, ಪಕ್ಕದಲ್ಲಿ ನೋಡಿದ. ಒಣಗಿತ್ತು. ಹಿಂದಿನ ಮೂಲೆಗೆ ಕೈ ಸರಿಯಾಗಿ ಹೋಗುವುದಿಲ್ಲ. ಬೆರಳ ತುದಿ ತಾಗಿದಷ್ಟು ಒಣಗಿತ್ತು.

"ಎಲೆ ಹಾಕದೆ ಊಟ ಬಡಿಸಬಹುದಲ್ಲಯ್ಯಾ ಇದರ ಮೇಲೆ" ಎಂದ.

ಚಾಲಕ ಸಂಕೋಚದಿಂದ ನಕ್ಕ. ಮೇಸ್ತ್ರಿ ಯಾರನ್ನೂ ಹೊಗಳುವವನಲ್ಲ.

ಮೇಲೆ ಒಣಗಿದೆ, ಕೆಳಗೆ ಒದ್ದೆಯಾಗಿದೆ. ಹಾಗಾದರೆ ಮೂಲ ಕೆಳಗಿದೆ. ತರ್ಕದಲ್ಲಿ ತಪ್ಪಿರಲಿಲ್ಲ.

ಎಣ್ಣೆ ನಿಲ್ಲುವ ಕೆಳಗಿನ ಚೇಂಬರನ್ನು ಬಿಚ್ಚಿ ಅದರ ಪ್ಯಾಕಿಂಗ್ ಬದಲಿಸಿದ. ಹದಿನೈದು ದಿನಕ್ಕೆ ಕಾರು ಮರಳಿ ಬಂತು. ಎಂಜಿನ್ನಿನೊಳಗಿನ ಗಾಳಿ ಹೊರಹೋಗುವ ಕೊಳವೆ ಕಟ್ಟಿಕೊಂಡರೆ ಒಳಗೆ ಒತ್ತಡ ಹೆಚ್ಚಿ ಎಣ್ಣೆ ಎಲ್ಲಾದರೂ ದಾರಿ ಹುಡುಕುತ್ತದೆ. ಅದನ್ನು ಬಿಚ್ಚಿ ಊದಿ ನೋಡಿದ. ಉಸಿರು ಸಲೀಸಾಗಿ ಹೋಯಿತು. ಉಳಿದದ್ದು ಎಂಜಿನ್ನಿನ ಹಿಂದಿನ ಆಯಿಲ್ ಸೀಲ್, ಎಣ್ಣೆ ಹೊರಬರದಂತೆ ತಡೆಯುವ ಬಳೆ. ಅದನ್ನು ತಲುಪಲು ಗೇರ್‌ಬಾಕ್ಸ್ ಇಳಿಸಬೇಕು. ಮಲಗಿದವನ ಎದೆಯ ಮೇಲೆ ಅದು ಇಳಿದು ಬರುತ್ತದೆ. ಮೇಸ್ತ್ರಿ ಇಳಿಸಿದ. ಒಳಗೆ ಸ್ವಲ್ಪ ಜಿಡ್ಡಿತ್ತು. ಐವತ್ತು ವರ್ಷದ ಎಂಜಿನ್ನಿನಲ್ಲಿ ಅಷ್ಟು ಜಿಡ್ಡು ಇದ್ದೇ ಇರುತ್ತದೆ. ಆದರೆ ಅದನ್ನೇ ಹುಡುಕುತ್ತಿದ್ದವನಿಗೆ ಅದು ಸಾಕ್ಷಿಯಾಗಿ ಕಂಡಿತು. ಸೀಲ್ ಬದಲಿಸಿ ಗೇರ್‌ಬಾಕ್ಸ್ ಏರಿಸಿದ. ನಾಲ್ಕು ದಿನ ಭುಜಕ್ಕೆ ಕಾವು ಕೊಟ್ಟುಕೊಂಡ.

ಒಂದು ತಿಂಗಳಿಗೆ ಕಾರು ಮರಳಿ ಬಂತು. ಹೊಸ ಸೀಲ್ ಸರಿಯಾಗಿ ಕೂತಿರಲಿಕ್ಕಿಲ್ಲ ಎಂದು ಗೇರ್‌ಬಾಕ್ಸನ್ನು ಇನ್ನೊಮ್ಮೆ ಇಳಿಸಿದ. ಈ ಸಲ ಕಾವು ಕೊಟ್ಟರೂ ನೋವು ಹೋಗಲಿಲ್ಲ.

ಮುಂದಿನ ಸಲ ಕಾರಿನ ಜೊತೆಗೆ ವೈದ್ಯೆಯೂ ಬಂದರು. ಅಂಗಡಿಯ ಬೆಂಚಿನ ಮೇಲೆ ಕೂತರು. ಚಪ್ಪಲಿ ಬಿಟ್ಟು ಪಾದ ಒತ್ತಿಕೊಂಡರು.

"ಮೇಸ್ತ್ರಿಗಳೇ, ಮೊನ್ನೆ ಒಂದು ಮನೆಯ ಮುಂದೆ ಕಾರು ನಿಲ್ಲಿಸಿದ್ದೆ. ಬಾಣಂತಿಯನ್ನು ನೋಡಿ ಹೊರಗೆ ಬಂದರೆ ಅವರ ರಂಗೋಲಿ ಮೇಲೆ ಎಣ್ಣೆ. ಆ ಮನೆಯವರು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಹೋಗಲಿ, ಅದು ರಂಗೋಲಿ. ನಾಳೆ ಎಣ್ಣೆ ಬತ್ತಿ ದಾರಿಯಲ್ಲಿ ಎಂಜಿನ್ ಹಿಡಿದುಕೊಂಡು ಕಾರು ನಿಂತರೆ ಏನು ಮಾಡಲಿ? ನಾನು ಹೋಗುವುದು ಹೆರಿಗೆಗೆ. ಹೆರಿಗೆ ನನಗೋಸ್ಕರ ಕಾಯುತ್ತದೆಯೇ? ಗುಜರಿಗೆ ಹಾಕಿಬಿಡೋಣ ಅಂತಿದ್ದೇನೆ. ನೀವು ಒಂದು ಮಾತು ಹೇಳಿ. ಹಾಕಿ ಅಂದರೆ ಹಾಕುತ್ತೇನೆ. ಇವನಿಗೂ ವಿಶ್ರಾಂತಿ ಸಿಗಲಿ."

ಚಾಲಕ ಬಾಗಿಲ ಬಳಿ ನಿಂತಿದ್ದ. ವಿಶ್ರಾಂತಿ ಎಂಬ ಮಾತು ಕೇಳಿದಾಗ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಮೇಸ್ತ್ರಿಯ ಬಾಯಿಗೆ ಆ ಮಾತು ಬಂದಿತ್ತು. ಎರಡಕ್ಷರ. ಹೇಳಿದರೆ ಆ ಗೇರ್‌ಬಾಕ್ಸ್ ಇನ್ನೆಂದೂ ಅವನ ಎದೆಯ ಮೇಲೆ ಇಳಿಯುವುದಿಲ್ಲ. ಚಾಲಕನ ಕಡೆ ನೋಡದೆ ಹೇಳಬೇಕಿತ್ತು. ಅದಕ್ಕಾಗಿ ತಿರುಗಿ ಬಾನೆಟ್ ಎತ್ತಿದ. ಎಂಜಿನ್ ಎಂದಿನಂತೆ ಹೊಳೆಯುತ್ತಿತ್ತು.

ಬೆಂಚಿನ ಮೇಲೆ ವೈದ್ಯೆ ತಮ್ಮಷ್ಟಕ್ಕೇ ಮಾತಾಡುತ್ತಿದ್ದರು. "ಬೆಳಿಗ್ಗೆಯಿಂದ ನಲವತ್ತು ಜನ ಜ್ವರದವರು. ನಾಲಿಗೆ ತೋರಿಸಿ ಅಂದರೆ ಎಲ್ಲರದೂ ಕೆಂಪಗೆ, ತೊಳೆದಿಟ್ಟ ಹಾಗೆ. ಡಾಕ್ಟರಿಗೆ ತೋರಿಸಬೇಕಲ್ಲ ಅಂತ ಮನೆಯಿಂದಲೇ ಗಸಗಸ ಕೆರೆದುಕೊಂಡು ಬರುತ್ತಾರೆ. ನಾಲಿಗೆ ಮೇಲೆ ಏನಿದೆ ಅಂತ ನೋಡೋಕೇ ಅಲ್ಲವೇ ನಾನು ಚಾಚು ಅನ್ನೋದು? ಕೆರೆದ ಮೇಲೆ ನಾನು ಏನು ನೋಡಲಿ?"

ಮೇಸ್ತ್ರಿಯ ಕೈ ಟ್ಯಾಪೆಟ್ ಕವರಿನ ಮೇಲಿತ್ತು. ಅಲ್ಲೇ ನಿಂತಿತು. ಐವತ್ತು ವರ್ಷದ ಎಂಜಿನ್. ಮಣ್ಣು ರಸ್ತೆಗಳಲ್ಲಿ ಓಡುವ ಕಾರು. ಇದರ ಮೇಲೆ ಒಂದು ಚಿಟಿಕೆ ಧೂಳೂ ಇಲ್ಲ. ಇಷ್ಟು ದಿನ ಅದನ್ನು ಅವನು ಚೊಕ್ಕಟ ಎಂದುಕೊಂಡಿದ್ದ.

"ಅಮ್ಮಾವ್ರೇ, ಒಂದು ವಾರ ಕೊಡಿ" ಎಂದ.

"ಒಂದೇ ವಾರ. ಆಮೇಲೆ ಕೇಳಬೇಡಿ." ಅವರು ಚಪ್ಪಲಿ ಮೆಟ್ಟಿ ಆಸ್ಪತ್ರೆಗೆ ನಡೆದುಹೋದರು.

ಮೇಸ್ತ್ರಿ ಚಾಲಕನನ್ನು ಹತ್ತಿರ ಕರೆದ. "ಇಲ್ಲಿಗೆ ಬರೋ ಮುಂಚೆ ಎಂಜಿನ್ ಒರೆಸಿದೆಯೇನಯ್ಯಾ?"

"ಒರೆಸದೆ ತರ್ತೀನಾ ಮೇಸ್ತ್ರೇ? ನಿಮ್ಮ ಮುಂದೆ ಗಲೀಜು ಗಾಡಿ ತಂದು ನಿಲ್ಲಿಸೋಕೆ ನಂಗೇನು ಮಾನ ಇಲ್ವಾ?"

"ಹೋದ ಸಲ?"

"ಪ್ರತಿ ಸಲಾನೂ. ದಿನಾ ಬೆಳಿಗ್ಗೆ, ಅಮ್ಮಾವ್ರು ಹೊರಗೆ ಬರೋಕೆ ಮುಂಚೇನೂ."

ಮೇಸ್ತ್ರಿ ಪಕ್ಕದಲ್ಲಿದ್ದ ಟೈರಿನ ಮೇಲೆ ಕೂತ. ಎರಡು ಸಲ ಇಳಿಸಿದ ಗೇರ್‌ಬಾಕ್ಸ್ ನೆನಪಾಯಿತು. "ನಾನು ನೋಡಬೇಕಾದ್ದನ್ನೇ ಒರೆಸಿಕೊಂಡು ಬಂದಿದ್ದೀಯಲ್ಲೋ ಮಹರಾಯ."

"ಊಟ ಬಡಿಸಬಹುದು ಅಂತ ಮೆಚ್ಚಿಕೊಂಡವರು ನೀವೇ ಅಲ್ವಾ?"

ಮೇಸ್ತ್ರಿ ಟೈರಿನಿಂದ ಎದ್ದ.

ಎಂಜಿನ್ನನ್ನು ಸೀಮೆಎಣ್ಣೆಯಿಂದ ತೊಳೆದ. ಪೂರ್ತಿ ಒಣಗಿಸಿದ. ಪಕ್ಕದ ಅಂಗಡಿಯಿಂದ ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ ತಂದು ಮುಚ್ಚಳದ ಅಂಚಿನ ಸುತ್ತ, ಎಂಜಿನ್ನಿನ ಹಿಂಬದಿಗೆ ಉದುರಿಸಿದ. ಎಣ್ಣೆ ಎಲ್ಲಿ ಹೊರಬಂದರೂ ಪೌಡರ್ ಅಲ್ಲಿ ಮೊದಲು ಕಪ್ಪಾಗುತ್ತದೆ. ಮಾಡಬೇಕಾದ ಕೆಲಸ ಇಷ್ಟೇ. ಆಮೇಲೆ ಕಾಯಬೇಕು.

"ದಿನಾ ಕಡ್ಡಿ ಎಳೆದು ಎಣ್ಣೆಯ ಮಟ್ಟ ನೋಡು. ಕಡಿಮೆಯಾದರೆ ಇಲ್ಲಿಗೆ ತಾ, ನಾನು ಹಾಕ್ತೀನಿ. ಬೇರೆ ಎಲ್ಲೂ ಕೈ ಇಡಬೇಡ. ಬಟ್ಟೆ ಮುಟ್ಟಬೇಡ."

ಚಾಲಕ ಆಗಲಿ ಎಂದು ಹೋದ. ಮೂರನೆಯ ದಿನ ಬಂದ. ಮೇಸ್ತ್ರಿ ಬಾನೆಟ್ ಎತ್ತಿದ. ಎಂಜಿನ್ ಹೊಳೆಯುತ್ತಿತ್ತು. ಎಣ್ಣೆಯೂ ಇರಲಿಲ್ಲ, ಪೌಡರೂ ಇರಲಿಲ್ಲ.

ಬೈಯಬೇಕಿತ್ತು. ಬೈಯುವಷ್ಟು ತ್ರಾಣ ಇರಲಿಲ್ಲ. ಬಾನೆಟ್ ಹಿಡಿದುಕೊಂಡೇ ನಿಂತ.

"ಪೌಡರ್ ನೆಂದು ಕೆಸರಾಗಿತ್ತು ಮೇಸ್ತ್ರೇ" ಎಂದು ಚಾಲಕನೇ ಬಾಯಿಬಿಟ್ಟ. "ಕಡ್ಡಿ ನೋಡೋಣ ಅಂತ ಎತ್ತಿದ್ದೆ, ಅಷ್ಟರಲ್ಲಿ ಅಮ್ಮಾವ್ರು ಬರ್ತಾ ಇದ್ದರು. ಕೈ ತಾನಾಗೇ ಓಡ್ತು. ಅವರಿಗೆ ಎಣ್ಣೆ ಕಂಡರೆ ಗಾಡಿ ಹೋಗುತ್ತೆ."

"ಕಾಣದಿದ್ದರೂ ಹೋಗುತ್ತೆ."

ಚಾಲಕ ಸೀಟಿನ ಕೆಳಗಿನಿಂದ ಒಂದು ಕೋಲು ತೆಗೆದ. ಮೊಳದುದ್ದ. ತುದಿಗೆ ಹಳೆಯ ಬನಿಯನ್ ಸುತ್ತಿ ದಾರ ಬಿಗಿದಿತ್ತು. ಕಪ್ಪಗೆ ಜಿಡ್ಡುಗಟ್ಟಿತ್ತು.

"ಹಿಂದಿನ ಮೂಲೆಗೆ ಕೈ ಹೋಗಲ್ಲ. ಅದಕ್ಕೇ ಇದನ್ನ ಮಾಡಿಕೊಂಡೆ. ದಿನಾ ಬೆಳಿಗ್ಗೆ ಅಲ್ಲಿ ಒಂದು ಬೊಗಸೆ ಎಣ್ಣೆ ಇರುತ್ತೆ ಅಂದ್ಕೊಳ್ಳಿ."

"ಎಷ್ಟು ದಿನದಿಂದ?"

"ಹೋದ ಯುಗಾದಿಗೆ ನೀವು ಆ ಮುಚ್ಚಳ ಬಿಚ್ಚಿ ಟ್ಯಾಪೆಟ್ ಹೊಂದಿಸಿಕೊಟ್ಟಿರಲ್ಲ, ಅವತ್ತಿಂದ."

ಆ ಕೊನೆಯ ಮಾತು ಮೇಸ್ತ್ರಿಗೆ ಕೇಳಿಸಿತು. ಅದರ ಹಿಂದೆ ಹೋಗಲು ಅವನಿಗೆ ಮನಸ್ಸಾಗಲಿಲ್ಲ. ಆ ಹೊತ್ತಿಗೆ ಅವನ ಕಣ್ಣಿಗೆ ಕಂಡದ್ದು ಆ ಕೋಲು ಮಾತ್ರ. ತಾನು ಮೂರು ತಿಂಗಳು ಕೆಳಗೆ ಮಲಗಿ ಹುಡುಕಿದ ಜಾಗ ಈ ಮನುಷ್ಯನಿಗೆ ಮೊದಲಿಂದ ಗೊತ್ತಿತ್ತು. ಅವನು ಸುಳ್ಳು ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ, ಅವನು ಒರೆಸಿದ್ದ, ಅಷ್ಟೇ.

ಆದರೂ ಆ ಮಾತನ್ನೇ ನಂಬಿ ಮುಂದುವರಿಯುವಂತಿರಲಿಲ್ಲ. ಎಂಜಿನ್ ಕಾರಿನಲ್ಲಿ ಹಿಂದಕ್ಕೆ ವಾಲಿ ಕೂತಿರುತ್ತದೆ. ಮುಂದೆ ಸೋರಿದರೂ ಎಣ್ಣೆ ಅಂಚಿನಗುಂಟ ಹರಿದು ಹಿಂದಿನ ಮೂಲೆಗೆ ಬಂದು ನಿಲ್ಲಬಹುದು. ಆ ಮೂಲೆ ಎಣ್ಣೆ ಹುಟ್ಟುವ ಜಾಗವೋ, ಬಂದು ನಿಲ್ಲುವ ಜಾಗವೋ ತಿಳಿಯಬೇಕು. ಎರಡು ಸಲ ಅವಸರ ಮಾಡಿ ಭುಜ ಕಳೆದುಕೊಂಡಿದ್ದ. ಮತ್ತೆ ಪೌಡರ್ ಉದುರಿಸಿದ. ಕೋಲನ್ನೂ ಕಾರಿನಲ್ಲಿದ್ದ ಬಟ್ಟೆಗಳನ್ನೂ ತೆಗೆದು ಅಂಗಡಿಯಲ್ಲಿ ಇಟ್ಟುಕೊಂಡ.

"ವಾರಕ್ಕೆ ನಾಲ್ಕು ದಿನ ಉಳಿದಿದೆ" ಎಂದ.

"ನಿಮಗೆ ನಾಲ್ಕು ದಿನ. ನನಗೆ ಅದು ನಾಲ್ಕು ವರ್ಷ ಆಗುತ್ತೆ ಬಿಡಿ" ಎಂದು ಗೊಣಗುತ್ತ ಚಾಲಕ ಕಾರು ಹತ್ತಿದ.

ಆ ನಾಲ್ಕು ದಿನ ಅವನು ಬೆಳಿಗ್ಗೆ ಕಾರಿನ ಸುತ್ತ ತಿರುಗಿದ. ಗಾಜು ಒರೆಸಿದ, ಬಾಗಿಲು ಒರೆಸಿದ, ಸೀಟು ಒರೆಸಿದ. ಅದಕ್ಕೆ ತನ್ನ ಟವೆಲ್ಲನ್ನೇ ಬಳಸಿದ. ಬಾನೆಟ್ ಎತ್ತಿ ಕಡ್ಡಿ ನೋಡುವಾಗ ಇನ್ನೊಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ನಾಲ್ಕನೆಯ ದಿನ ವೈದ್ಯೆ ಹೊರಗೆ ಬಂದಾಗ ಬಾನೆಟ್ ತೆರೆದೇ ಇತ್ತು. ಅವನು ಮುಚ್ಚಲಿಲ್ಲ. ಪಕ್ಕಕ್ಕೆ ಸರಿದು ನಿಂತ. ಅವರು ಒಳಗೆ ಬಗ್ಗಿ ನೋಡಿದರು. ಎಂಜಿನ್ನಿನ ಹಿಂಬದಿಯೆಲ್ಲ ಕಪ್ಪು ಕೆಸರು. ಇಷ್ಟು ವರ್ಷದಲ್ಲಿ ಅವರು ತಮ್ಮ ಕಾರನ್ನು ಹಾಗೆ ಕಂಡಿರಲಿಲ್ಲ. ಒಳಗೆ ಹೋಗಿ ಗುಜರಿಯವನಿಗೆ ಫೋನ್ ಮಾಡಿದರು. ಮಾರನೆಯ ಬೆಳಿಗ್ಗೆ ಮೇಸ್ತ್ರಿಯ ಅಂಗಡಿಗೇ ಬಂದು ತೆಗೆದುಕೊಂಡು ಹೋಗುವಂತೆ ಹೇಳಿದರು.

ಚಾಲಕ ಕಾರನ್ನು ತಂದು ನಿಲ್ಲಿಸಿದ. ಕೀಲಿಯನ್ನು ಮೇಸ್ತ್ರಿಯ ಮುಂದೆ ಇಟ್ಟ.

"ನಾಳೆ ಗುಜರಿಯವನು ಬರ್ತಾನೆ. ನಿಮ್ಮ ಮಾತು ಕೇಳಿ ನಾನು ಒರೆಸಲಿಲ್ಲ. ಚೆನ್ನಾಗಿ ನೋಡಿಕೊಳ್ಳಿ ಈಗ."

ಮೇಸ್ತ್ರಿ ಬಾನೆಟ್ ಎತ್ತಿದ. ಮುಚ್ಚಳದ ಮುಂದಿನ ಅಂಚು ಬೆಳ್ಳಗಿತ್ತು. ಎರಡೂ ಪಕ್ಕ ಬೆಳ್ಳಗಿತ್ತು. ಹಿಂದಿನ ಬಲ ಮೂಲೆಯಲ್ಲಿ ಮಾತ್ರ ಪೌಡರ್ ಕಪ್ಪಾಗಿತ್ತು. ಅಲ್ಲಿಂದ ಒಂದು ಗೆರೆ ಎಂಜಿನ್ನಿನ ಬೆನ್ನ ಮೇಲೆ ಇಳಿದಿತ್ತು. ಕನ್ನಡಿ ಹಿಡಿದು ಗೆರೆಯ ಹಿಂದೆ ಹೋದ. ಅದು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ಮುಗಿಯಿತು. ಮೂರು ತಿಂಗಳಿನಿಂದ ಹನಿ ತೂಗುತ್ತಿದ್ದ ಜಾಗವೇ ಅದು.

ಮೂಲ ಸಿಕ್ಕಿತು. ಕಾರಣ ಇನ್ನೂ ಸಿಕ್ಕಿರಲಿಲ್ಲ. ಮುಚ್ಚಳದ ಎರಡು ನಟ್ಟು ಬಿಚ್ಚಲು ಪಾನಾ ಹಾಕಿದ. ನಟ್ಟು ಅಲುಗಲಿಲ್ಲ. ಪಾನಾಕ್ಕೆ ಕಬ್ಬಿಣದ ಪೈಪು ಸೇರಿಸಿ ಎಳೆದ ಮೇಲೆ ಸಡಿಲಾಯಿತು. ಈ ನಟ್ಟುಗಳನ್ನು ಅಷ್ಟು ಬಿಗಿಯುವುದಿಲ್ಲ. ಕೈಯಲ್ಲಿ ತಿರುಗುವಷ್ಟು ತಿರುಗಿಸಿ ಮೇಲೆ ಅರ್ಧ ಸುತ್ತು ಸಾಕು. ಮುಚ್ಚಳವನ್ನು ತೆಗೆದು ಗಾಜಿನ ಹಲಗೆಯ ಮೇಲೆ ಕೂರಿಸಿದ. ಅದು ಸಮನಾಗಿ ಕೂರಲಿಲ್ಲ. ಒಂದು ಮೂಲೆ ಎದ್ದು ನಿಂತಿತು. ಅದರ ಕೆಳಗೆ ಅಂಚೆ ಕಾರ್ಡು ಸಲೀಸಾಗಿ ತೂರಿತು. ನಡುವೆ ಅತಿಯಾಗಿ ಬಿಗಿದರೆ ತಗಡು ನಡುವೆ ತಗ್ಗಿ ಮೂಲೆಯಲ್ಲಿ ಏಳುತ್ತದೆ. ಪ್ಯಾಕಿಂಗ್ ತೆಗೆದು ನೋಡಿದ. ಒಣಗಿದ ರೊಟ್ಟಿಯಂತೆ ಮುರಿಯಿತು. ಹಳೆಯದು. ಮೊದಲೊಮ್ಮೆ ಬಳಸಿದ್ದನ್ನೇ ಮತ್ತೆ ಕೂರಿಸಿದ್ದು.

ಕೂರಿಸಿದವನು ಯಾರು? ಆ ಕಾರಿನ ಮುಚ್ಚಳವನ್ನು ಊರಿನಲ್ಲಿ ಬೇರೆ ಯಾರೂ ಮುಟ್ಟಿರಲಿಲ್ಲ.

ಆಗ ಮೇಸ್ತ್ರಿಗೆ ಹೋದ ಯುಗಾದಿ ನೆನಪಾಯಿತು. ಟ್ಯಾಪೆಟ್ ಹೊಂದಿಸಿ ಮುಚ್ಚಳ ಹಾಕಬೇಕಿತ್ತು. ಹೊಸ ಪ್ಯಾಕಿಂಗ್ ಬೇಕಿತ್ತು. ಅದಕ್ಕೆ ಪೇಟೆಗೆ ಹೋಗಬೇಕು. ಭುಜ ನೋಯುತ್ತಿತ್ತು. ಹಳೆಯದನ್ನೇ ಕೂರಿಸಿದ್ದ. ಹಳೆಯದಾದ್ದರಿಂದ ಸೋರದಿರಲಿ ಎಂದು ಚಾಲಕನ ಎದುರಿಗೇ ಪೈಪು ಸೇರಿಸಿ ಇನ್ನೊಂದು ಸುತ್ತು ಬಿಗಿದಿದ್ದ. ಇನ್ನೊಮ್ಮೆ ಬಿಚ್ಚಿದಾಗ ಸರಿಮಾಡಿದರಾಯಿತು ಎಂದುಕೊಂಡಿದ್ದ. ಆಮೇಲೆ ಮರೆತಿದ್ದ. ಚಾಲಕ ಯುಗಾದಿಯ ಮಾತು ಎತ್ತಿದಾಗ ತಾನೇಕೆ ಅದರ ಹಿಂದೆ ಹೋಗಲಿಲ್ಲ ಎಂಬುದೂ ಅವನಿಗೆ ತಿಳಿಯಿತು.

ಮುಚ್ಚಳವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದ. ಚಾಲಕ ಚಹಾ ತಂದು ಕೊಟ್ಟ. ಕುಡಿಯಲಿಲ್ಲ.

ಮುಂದಿನದು ಕಷ್ಟದ ಕೆಲಸವಲ್ಲ. ಬಾಗಿದ ಅಂಚನ್ನು ಮರದ ತುಂಡಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ನೇರ ಮಾಡಿದ. ಕಾರ್ಡು ತೂರದಷ್ಟಾದಾಗ ನಿಲ್ಲಿಸಿದ. ಪೇಟೆಗೆ ಹೋಗಿ ಹೊಸ ಪ್ಯಾಕಿಂಗ್ ತಂದ. ಮುಚ್ಚಳ ಕೂರಿಸಿದ. ಕೈಯಲ್ಲಿ ತಿರುಗಿಸಿ ಮೇಲೆ ಅರ್ಧ ಸುತ್ತು ಬಿಗಿದ. ಎಂಜಿನ್ ತೊಳೆದು ಒಣಗಿಸಿ ಪೌಡರ್ ಉದುರಿಸಿದ. ಚಾಲಕನನ್ನು ಕೂರಿಸಿಕೊಂಡು ಹತ್ತು ಮೈಲಿ ಹೋಗಿ ಬಂದ. ಬಾನೆಟ್ ಎತ್ತಿದ. ಸುತ್ತಲೂ ಬೆಳ್ಳಗಿತ್ತು. ಹೊತ್ತು ಇನ್ನೂ ಮುಳುಗಿರಲಿಲ್ಲ. ಮೂರು ತಿಂಗಳ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿದಿತ್ತು.

ಚಾಲಕ ಬೆಳ್ಳಗಿನ ಅಂಚನ್ನು ನೋಡುತ್ತ ಹೇಳಿದ. "ನಾಳೆ ಅಮ್ಮಾವ್ರು ಏನಾಗಿತ್ತು ಅಂತ ಕೇಳ್ತಾರೆ. ಪ್ಯಾಕಿಂಗ್ ಹೋಗಿತ್ತು ಅನ್ನಿ ಮೇಸ್ತ್ರೇ. ಸುಳ್ಳಲ್ಲವಲ್ಲ. ನನ್ನ ಕೋಲಿನ ಮಾತೂ ಬೇಡ, ನಿಮ್ಮ ಪೈಪಿನ ಮಾತೂ ಬೇಡ."

ಮೇಸ್ತ್ರಿ ಬಾನೆಟ್ ಮುಚ್ಚಿದ.

ಬೆಳಿಗ್ಗೆ ಗುಜರಿಯವನು ಹಗ್ಗ, ಸಬ್ಬಲು ಹಿಡಿದು ಬಂದ. ವೈದ್ಯೆಯೂ ಬಂದರು. ಮೇಸ್ತ್ರಿ ಕಾರು ಶುರುಮಾಡಿ ಕಾಲು ಗಂಟೆ ಓಡಲು ಬಿಟ್ಟ. ಕೆಳಗೆ ಒಂದು ಬಿಳಿ ಕಾಗದ ಹಾಸಿದ. ಕಾಗದ ಬಿಳಿಯಾಗಿಯೇ ಉಳಿಯಿತು.

"ಏನಾಗಿತ್ತು?" ಎಂದು ವೈದ್ಯೆ ಕೇಳಿದರು.

ಪ್ಯಾಕಿಂಗ್ ಹೋಗಿತ್ತು ಎಂದರೆ ಮುಗಿಯುತ್ತಿತ್ತು. ಚಾಲಕ ಮೇಸ್ತ್ರಿಯ ಬಾಯಿಯನ್ನೇ ನೋಡುತ್ತಿದ್ದ.

"ಹೋದ ಯುಗಾದಿಗೆ ನಾನು ಹಳೇ ಪ್ಯಾಕಿಂಗ್ ಹಾಕಿ, ಪೈಪು ಕೊಟ್ಟು ಬಿಗಿದಿದ್ದೆ ಅಮ್ಮಾ. ಮುಚ್ಚಳ ಬಾಗಿತು. ಅಲ್ಲಿಂದ ಎಣ್ಣೆ ಬಂತು. ಎರಡು ಸಲ ಗೇರ್‌ಬಾಕ್ಸ್ ಇಳಿಸಿದ್ದು ದಂಡ. ಬೇಕಾಗಿರಲಿಲ್ಲ."

ವೈದ್ಯೆ ಅವನನ್ನು ನೋಡಿದರು. "ಇದನ್ನು ನೀವು ಹೇಳದೆ ಇದ್ದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ."

"ಗೊತ್ತಾಗುತ್ತಿರಲಿಲ್ಲ."

"ಮತ್ತೆ?"

"ಸಾಕಾಗಿದೆ ಅಮ್ಮಾ. ಇದೊಂದನ್ನೂ ಮುಚ್ಚಿಟ್ಟುಕೊಂಡು ಕೂರೋಕೆ ನನ್ನ ಕೈಲಾಗಲ್ಲ."

ಆಗ ಚಾಲಕ ಒಂದು ಹೆಜ್ಜೆ ಮುಂದೆ ಬಂದ. ಟೋಪಿ ಕೈಯಲ್ಲಿತ್ತು. "ನಾನೂ ಒಂದು ಮಾತು ಹೇಳಬೇಕು ಅಮ್ಮಾವ್ರೇ" ಎಂದ. ಹೇಳಿದ. ಒರೆಸಿದ್ದನ್ನು ಹೇಳಿದ, ಕೋಲನ್ನು ಹೇಳಿದ, ಯಾಕೆ ಹಾಗೆ ಮಾಡಿದೆ ಎಂಬುದನ್ನೂ ಹೇಳಿದ.

ವೈದ್ಯೆ ಗುಜರಿಯವನಿಗೆ ಚಹಾ ಕೊಡಿಸಿ ಕಳಿಸುವಂತೆ ಹೇಳಿದರು. ಕಾರು ಹತ್ತಿ ಕೂತರು. "ಹೊರಡು. ಆಚೆ ಹಳ್ಳಿಯಲ್ಲಿ ಒಬ್ಬಳು ನಿನ್ನೆಯಿಂದ ನೋವು ತಿನ್ನುತ್ತಿದ್ದಾಳೆ" ಎಂದರು. ಚಾಲಕ ಟೋಪಿ ಹಾಕಿಕೊಂಡ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಮರುಳಯ್ಯ ಕೈ ಜೋಡಿಸಿದ. "ತಿಳಿಯಿತು ಗುರುಗಳೇ. ಪಶ್ಚಾತ್ತಾಪವೆಂಬುದು ಒರೆಸುವ ಬಟ್ಟೆ ಇದ್ದಂತೆ. ಅವಸರದಲ್ಲಿ ಒರೆಸಿಕೊಂಡವನಿಗೆ ತನ್ನ ದೋಷದ ಮೂಲ ಕಾಣುವುದಿಲ್ಲ. ಸಾಧಕನು ಮೊದಲು ಮೂಲವನ್ನು ನೋಡಬೇಕು."

ಅವನು ಅದನ್ನು ಚೆನ್ನಾಗಿ ಹೇಳಿದ್ದ. ಎಲ್ಲಿಯೂ ಒಂದು ಮಾತು ಹೆಚ್ಚಿರಲಿಲ್ಲ.

"ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ನೀನು ಬೈದದ್ದು ಯಾರನ್ನು, ಏನೆಂದು ಬೈದೆ? ಒರೆಸದೆ ಹೇಳು" ಎಂದು ಗುರುಗಳು ಕೇಳಿದರು.

ಮರುಳಯ್ಯನ ಜೋಡಿಸಿದ ಕೈ ಹಾಗೇ ಇತ್ತು.